ಎರಡು ಸಿಸಿಗೋಸ್ಕರ

ನನ್ನ ಹಾಸ್ಟೆಲ್ ಮಂಚದ ಕೆಳಗೆ ಒಂದು ರಟ್ಟಿನ ಡಬ್ಬ ಇದೆ. ಅದರಲ್ಲಿ ಒಂದು 24 ಎಂಎಂ ಕಾರ್ಬುರೇಟರ್, ಹನ್ನೊಂದು ಮೇನ್ ಜೆಟ್, ಎರಡು ರಬ್ಬರ್ ಮ್ಯಾನಿಫೋಲ್ಡ್ (ಎರಡೂ ಫಿಟ್ ಆಗಲ್ಲ), ಒಂದು ಪಕ್ಕ ಪೂರ್ತಿ ಗೀಚಿ ಹೋಗಿರೋ ಪಿಸ್ಟನ್ ಮತ್ತೆ ಒಂದಿಷ್ಟು ಬಿಲ್ಲುಗಳಿವೆ. ಬಿಲ್ಲು ಅಂದ್ರೆ ಪ್ರಿಂಟೆಡ್ ಬಿಲ್ಲಲ್ಲ. ಕ್ಯಾಲೆಂಡರ್ ಹಾಳೆ ಹರಿದು ಅದರ ಹಿಂದೆ ಪೆನ್ಸಿಲಲ್ಲಿ ಬರೆದುಕೊಟ್ಟ ಚೀಟಿಗಳು. ಎಲ್ಲ ಕೂಡಿದ್ರೆ 11,570 ರೂಪಾಯಿ. ನನ್ನ ಬಜೆಟ್ ಇದ್ದಿದ್ದು 8,000.

ಗಾಡಿ ನನ್ನದಲ್ಲ, ಮಾವನದು. 1993ರ ಆರ್‌ಎಕ್ಸ್ 100. ತಿಪಟೂರಿನ ಹತ್ತಿರ ನಮ್ಮಜ್ಜಿ ಮನೆಯಲ್ಲಿ ಕೊಬ್ಬರಿ ಅಟ್ಟದ ಕೆಳಗೆ ನಾಲ್ಕು ವರ್ಷ ನಿಂತಿತ್ತು. ಮೇಲೆ ಅಟ್ಟದಲ್ಲಿ ತೆಂಗಿನಕಾಯಿ ಒಣಗ್ತಾ ಕೊಬ್ಬರಿ ಆಗೋದು, ಕೆಳಗೆ ಇದು ಧೂಳು ತಿಂತಾ ಆಂಟೀಕ್ ಆಗೋದು. ಫಸ್ಟ್ ಇಯರ್ ಮುಗಿದ ರಜೆಯಲ್ಲಿ ಮಾವ ಅದನ್ನ ನನಗೆ ಕೊಟ್ಟರು. ಕೊಡುವಾಗ ಒಂದೇ ಮಾತು ಹೇಳಿದ್ದು: "ಬ್ಲಾಕ್ ಇನ್ನೂ ಸ್ಟ್ಯಾಂಡರ್ಡ್ ಬೋರ್ ಇದೆ. ಮೂವತ್ತು ವರ್ಷ ಯಾರ ಕೈಗೂ ಕೊಟ್ಟಿಲ್ಲ. ರಿಂಗ್ ಹಾಕ್ಸು, ಓಡ್ಸು. ಅಷ್ಟೇ."

ಆ ಮಾತಿನ ಬೆಲೆ ನನಗೆ ಆಗ ಗೊತ್ತಿರಲಿಲ್ಲ. ಆರ್‌ಎಕ್ಸ್ 100 ಇಲ್ಲಿ 1985ರಲ್ಲಿ ಬಂತು, 1996ರಲ್ಲಿ ನಿಂತುಹೋಯ್ತು. ಅಂದ್ರೆ ನಾನು ಹುಟ್ಟೋಕೆ ಎಷ್ಟೋ ವರ್ಷ ಮೊದಲೇ ಕಂಪನಿ ಅದನ್ನ ಮರೆತಿದೆ. 98 ಸಿಸಿ, 11 ಹಾರ್ಸ್‌ಪವರ್, ತೂಕ ನೂರು ಕೆಜಿ ಆಸುಪಾಸು. ಈ ಲೆಕ್ಕದಲ್ಲಿ ಅದು ಯಾಕೆ ಹಾಗೆ ಹಾರುತ್ತೆ ಅಂತ ಯಾರಿಗೂ ವಿವರಿಸಬೇಕಾಗಿಲ್ಲ. ಬೋರ್ 50 ಎಂಎಂ, ಸ್ಟ್ರೋಕ್ 50 ಎಂಎಂ, ನೆನಪಿಟ್ಟುಕೊಳ್ಳೋಕೆ ಸುಲಭ. ಮುಂದೆ ಈ 50 ಅನ್ನೋ ನಂಬರೇ ನನ್ನ ನಿದ್ದೆ ಕೆಡಿಸಿದ್ದು.

ನನಗೆ ರಿಂಗ್ ಸಾಕಾಗಲಿಲ್ಲ. ನಾನು ಮೆಕ್ಯಾನಿಕಲ್ ಸ್ಟೂಡೆಂಟ್ ತಾನೇ, ನನಗೆ 'ಬಿಲ್ಡ್' ಬೇಕಿತ್ತು. ದೊಡ್ಡ ಕಾರ್ಬುರೇಟರ್, ಎಕ್ಸ್‌ಪಾನ್ಶನ್ ಚೇಂಬರ್, ಹೊಸ ರೀಡ್, ಓವರ್‌ಸೈಜ್ ಪಿಸ್ಟನ್. ಟೆಂತ್ ಹುಡುಗನೊಬ್ಬನಿಗೆ ಮೂರು ತಿಂಗಳು ಮ್ಯಾತ್ಸ್ ಹೇಳಿಕೊಟ್ಟು ಎಂಟು ಸಾವಿರ ಕೂಡಿಸಿದ್ದೆ. ಒಂದು ಶನಿವಾರ ಅದನ್ನ ಜೇಬಿಗೆ ಹಾಕ್ಕೊಂಡು ಜೆ.ಸಿ. ರಸ್ತೆಗೆ ಹೊರಟೆ.

ಅಲ್ಲೀತನಕ ಜೆ.ಸಿ. ರಸ್ತೆ ಅಂದ್ರೆ ನನಗೆ ರವೀಂದ್ರ ಕಲಾಕ್ಷೇತ್ರ. ಇದೇ ಕನ್ನಡ ಸಂಘದವರ ಜೊತೆ ಒಂದ್ಸಲ ನಾಟಕ ನೋಡೋಕೆ ಹೋಗಿದ್ದೆ. ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ ನಡೆದ್ರೆ ಇನ್ನೊಂದು ನಾಟಕ ದಿನಾ ನಡೆಯುತ್ತೆ, ಟಿಕೆಟ್ ಮಾತ್ರ ಸ್ವಲ್ಪ ದುಬಾರಿ.

ಮೊದಲು ಭಾಷೆ ಕಲೀಬೇಕು. ಕನ್ನಡ, ಉರ್ದು, ತಮಿಳು ಎಲ್ಲ ನಡೆಯುತ್ತೆ, ಅದಲ್ಲ ಸಮಸ್ಯೆ. 'ಕಂಪನಿ', 'ಒರಿಜಿನಲ್', 'ಓಇಎಂ', 'ತೈವಾನ್', 'ಫಸ್ಟ್ ಕಾಪಿ', 'ಲೋಕಲ್' – ಇವು ಆರೂ ಬೇರೆ ಬೇರೆ ವಸ್ತುಗಳು, ಯಾವುದರ ಅರ್ಥವೂ ಡಿಕ್ಷನರಿಯಲ್ಲಿರೋದಲ್ಲ. ನಾನು ಒಬ್ಬರನ್ನ ಕೇಳ್ದೆ, "ಅಣ್ಣ, ಇದು ಒರಿಜಿನಲ್ಲಾ?" ಅವರು ಹೇಳಿದ್ರು, "ಒರಿಜಿನಲ್ಲೇ. ಆದ್ರೆ ಕಂಪನಿದಲ್ಲ." ಆ ವಾಕ್ಯವನ್ನ ನಾನು ಬಸ್ಸಲ್ಲಿ ವಾಪಸ್ ಬರೋವರೆಗೂ ಯೋಚಿಸ್ತಾ ಇದ್ದೆ. ಈಗ ಅನ್ಸುತ್ತೆ, ಇಡೀ ರಸ್ತೆಯಲ್ಲಿ ನನಗೆ ಸಿಕ್ಕಿದ ಅತ್ಯಂತ ಪ್ರಾಮಾಣಿಕ ಉತ್ತರ ಅದೇ ಇರಬೇಕು.

ಮೊದಲ ತಪ್ಪು ನನ್ನದೇ. ಸಿಲಿಂಡರ್ ಬ್ಲಾಕ್ ಬಿಚ್ಚಿಕೊಂಡು ಬೋರಿಂಗ್ ಅಂಗಡಿಗೆ ಹೋಗಿ, "ಪಾಯಿಂಟ್ ಫೈವ್ ಬೋರ್ ಮಾಡಿ" ಅಂದೆ. ಅಲ್ಲಿನ ಹಿರಿಯರೊಬ್ಬರು ಒಳಗೆ ಬೋರ್ ಗೇಜ್ ಬಿಟ್ಟು ಮೇಲೆ, ಮಧ್ಯ, ಕೆಳಗೆ ನೋಡಿದ್ರು. "ಬ್ಯಾಡ ಕಣಪ್ಪ, ಸವೆದೇ ಇಲ್ಲ. ಹೋನಿಂಗ್ ಮಾಡಿ ರಿಂಗ್ ಹಾಕಿದ್ರೆ ಇನ್ನೂ ಇಪ್ಪತ್ತು ಸಾವಿರ ಕಿಲೋಮೀಟರ್ ಓಡುತ್ತೆ" ಅಂದ್ರು. ಮಾವ ಹೇಳಿದ್ದನ್ನೇ ಹೇಳಿದ್ರು. ನಾನು ಪರ್ಫಾರ್ಮೆನ್ಸ್ ಅಂದೆ. ಅವರು ನನ್ನ ಮುಖ ನೋಡಿ, "ಹಂಗಾದ್ರೆ ಪಿಸ್ಟನ್ ತಂದ್ಕೊಡು. ಪಿಸ್ಟನ್ ನೋಡ್ದೆ ನಾನು ಬೋರ್ ಮಾಡಲ್ಲ" ಅಂದ್ರು. ನಾನು ಪಿಸ್ಟನ್ನೇ ತಗೊಂಡಿರಲಿಲ್ಲ.

ಒಂದು ಲೆಕ್ಕ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಇದನ್ನ ನಾನು ಎಲ್ಲ ಮುಗಿದ ಮೇಲೆ ಮಾಡಿದ್ದು. 50 ಎಂಎಂ ಬೋರ್‌ಗೆ 98.2 ಸಿಸಿ. 50.5 ಎಂಎಂಗೆ 100.1 ಸಿಸಿ. ಎರಡು ಸಿಸಿ! ಟೀ ಸ್ಪೂನಲ್ಲಿ ಅರ್ಧಾನೂ ಇಲ್ಲ. ಮೂವತ್ತು ವರ್ಷ ಯಾರೂ ಮುಟ್ಟದ ಬ್ಲಾಕಿಂದ ಕಾಲು ಎಂಎಂ ದಪ್ಪದ ಕಬ್ಬಿಣವನ್ನ ಸುತ್ತಲೂ ಕೆರೆಸಿದ್ದು ಇದಕ್ಕೆ. ಫಾರ್ಮುಲಾ ನನಗೆ ಹೈಸ್ಕೂಲಿಂದ ಗೊತ್ತು. ಹಾಕಿ ನೋಡಬೇಕು ಅಂತ ಅನ್ನಿಸಲಿಲ್ಲ, ಅಷ್ಟೇ.

ಪಿಸ್ಟನ್ ತಗೊಂಡೆ, ಕಿಟ್ 1,150. ಡಬ್ಬದ ಮೇಲೆ 0.50 ಅಂತ ಇತ್ತು. ರೂಮಿಗೆ ತಂದು ವರ್ನಿಯರಲ್ಲಿ ಅಳೆದೆ: 50.20. ರಕ್ತ ಕುದೀತು. ಮೋಸ! ಮಾರನೇ ದಿನವೇ ಕ್ಲಾಸ್ ಬಂಕ್ ಮಾಡಿ ಅಂಗಡಿಗೆ ಹೋಗಿ ಕೌಂಟರ್ ಮೇಲೆ ಪಿಸ್ಟನ್ ಇಟ್ಟು, ಇಂಜಿನಿಯರಿಂಗ್ ಸ್ಟೂಡೆಂಟ್ ಅಂತ ಬೇರೆ ಹೇಳಿಕೊಂಡು, ಜೋರು ಮಾಡಿದೆ. ಅಂಗಡಿಯಲ್ಲಿ ಇದ್ದಿದ್ದು ನನಗಿಂತ ಚಿಕ್ಕ ಹುಡುಗ. ಅವನು ಏನೂ ಮಾತಾಡದೆ ಪಿಸ್ಟನ್ ತಲೆಕೆಳಗು ಮಾಡಿ, ಪಿನ್ನಿಗೆ ಅಡ್ಡಲಾಗಿ, ಸ್ಕರ್ಟಿನ ತುದಿಯಿಂದ ಸ್ವಲ್ಪ ಮೇಲೆ ಬೆರಳಿಟ್ಟು ತೋರಿಸಿದ. "ಇಲ್ಲಿ ಹಿಡೀರಿ ಸಾರ್. ತಲೆ ಹತ್ರ ಯಾವಾಗ್ಲೂ ಸಣ್ಣಾನೇ."

ನಿಜ. ಪಿಸ್ಟನ್ ದುಂಡಗೂ ಇರಲ್ಲ, ನೆಟ್ಟಗೂ ಇರಲ್ಲ. ತಲೆ ಹತ್ತಿರ ಬಿಸಿ ಜಾಸ್ತಿ, ಅಲ್ಲಿ ಹೆಚ್ಚು ಹಿಗ್ಗುತ್ತೆ, ಅದಕ್ಕೆ ಮೇಲೆ ಚಿಕ್ಕದು ಕೆಳಗೆ ದೊಡ್ಡದು. ಮೇಲಿಂದ ನೋಡಿದ್ರೆ ಲೈಟಾಗಿ ಮೊಟ್ಟೆ ಆಕಾರ. ಕಾಲೇಜಿಗೆ ಬಂದು ಮೆಟ್ರಾಲಜಿ ಲ್ಯಾಬಲ್ಲಿ ಮೈಕ್ರೋಮೀಟರ್ ಹಿಡಿದು ಸರಿಯಾದ ಜಾಗದಲ್ಲಿ ಅಳೆದ್ರೆ 50.46. ಬೋರ್ 50.50 ಮಾಡಿದ್ರೆ 0.04 ಎಂಎಂ ಗ್ಯಾಪ್, ಇರಬೇಕಾದಷ್ಟೇ. ಆ ಹುಡುಗನಿಗೆ ಸಾರಿ ಹೇಳಬೇಕಿತ್ತು. ಮುಂದಿನ ಸಲ ಹೋದಾಗ ಹೇಳಲಿಲ್ಲ, ಒಂದು ಗ್ಯಾಸ್ಕೆಟ್ ಸೆಟ್ ಜಾಸ್ತಿ ತಗೊಂಡೆ.

ಈ ಒಂದು ಅವಮಾನದಿಂದ ನಾನು ಕಲಿತಿದ್ದು ತಪ್ಪು ಪಾಠ. ಪಿಸ್ಟನ್ ವಿಷಯದಲ್ಲಿ ಅನುಮಾನಪಟ್ಟು ಮಂಗ ಆದೆ, ಹಾಗಾಗಿ ಆಮೇಲೆ ಯಾವುದನ್ನೂ ಅಳೀಲಿಲ್ಲ. ಅಳೀಬೇಕಾಗಿದ್ದದ್ದು ಅದಾದ ಮೇಲೆ ತಗೊಂಡಿದ್ದನ್ನೇ.

ಕಾರ್ಬುರೇಟರ್ 2,200. ಡಬ್ಬದ ಮೇಲೆ ಜಪಾನಿನ ದೊಡ್ಡ ಕಂಪನಿಯೊಂದರ ಹೆಸರಿತ್ತು, ಒಳಗಿನ ಕಾಸ್ಟಿಂಗ್ ಮೇಲೆ ಯಾರ ಹೆಸರೂ ಇರಲಿಲ್ಲ. ಸ್ಟಾಕ್ ಕಾರ್ಬ್ 20 ಎಂಎಂ, ಇದು 24. ಸ್ಟಾಕ್ ರಬ್ಬರ್‌ಗೆ ಕೂರಲ್ಲ, ಹಾಗಾಗಿ ಬೇರೆ ಮ್ಯಾನಿಫೋಲ್ಡ್ ಬೇಕು. 'ಆರ್‌ಎಕ್ಸ್ ಎಲ್ಲದಕ್ಕೂ ಆಗುತ್ತೆ' ಅಂತ ಕೊಟ್ಟ ಮ್ಯಾನಿಫೋಲ್ಡಿನ ಬೋಲ್ಟ್ ತೂತುಗಳು ಎರಡು ಎಂಎಂ ಹೊರಗಿದ್ವು. ಇನ್ನೊಂದು ತಗೊಂಡೆ, ಅದರ ತೂತು ಸರಿ, ಆದ್ರೆ ಕಾರ್ಬ್ ಕಡೆ ಬಾಯಿ ಲೂಸ್. ಕ್ಲಾಂಪ್ ಬಿಗಿ ಮಾಡಿ ಸಮಾಧಾನ ಮಾಡಿಕೊಂಡೆ. ಮೊದಲನೆಯದನ್ನ ವಾಪಸ್ ಕೊಡೋಕೆ ಹೋದ್ರೆ, "ಹಾಕಿ ನೋಡಿದ್ಮೇಲೆ ವಾಪಸ್ ಇಲ್ಲ" ಅಂದ್ರು. ಹಾಕಿ ನೋಡದೆ ಫಿಟ್ ಆಗುತ್ತೋ ಇಲ್ವೋ ಹೇಗೆ ಗೊತ್ತಾಗುತ್ತೆ? ಅದಕ್ಕೆ ಅವರ ಹತ್ರ ಉತ್ತರ ಇಲ್ಲ, ನನ್ನ ಹತ್ರ ಬಿಲ್ ಇಲ್ಲ.

ಇನ್ನು ಚೇಂಬರ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ಟೂ ಸ್ಟ್ರೋಕಲ್ಲಿ ನನಗೆ ತುಂಬ ಇಷ್ಟವಾಗೋ ವಿಷಯ ಇದು. ಟೂ ಸ್ಟ್ರೋಕಿಗೆ ಎಕ್ಸಾಸ್ಟ್ ವಾಲ್ವ್ ಇಲ್ಲ, ಬರೀ ತೂತು. ಹೊಗೆ ಹೊರಗೆ ಹೋಗುವಾಗ ಹೊಸ ಪೆಟ್ರೋಲ್ ಗಾಳಿಯೂ ಅದರ ಜೊತೆ ಓಡಿಹೋಗುತ್ತೆ. ಎಕ್ಸ್‌ಪಾನ್ಶನ್ ಚೇಂಬರ್ ಆ ಓಡಿಹೋದದ್ದನ್ನ ವಾಪಸ್ ತಳ್ಳುತ್ತೆ. ಒಂದು ಪಾರ್ಟ್ ಕೂಡ ಅಲುಗಾಡಲ್ಲ. ಹೊಗೆಯ ಒತ್ತಡದ ಅಲೆ ಹೋಗಿ ಹಿಂದಿನ ಕೋನ್‌ಗೆ ಬಡಿದು ವಾಪಸ್ ಬಂದು, ಪೋರ್ಟ್ ಮುಚ್ಚೋಕೆ ಸರಿಯಾಗಿ ಮುಂಚೆ ಎಲ್ಲವನ್ನೂ ಒಳಗೆ ನೂಕುತ್ತೆ. ಬಸ್ಸಲ್ಲಿ ಕಂಡಕ್ಟರ್ "ಒಳಗ್ ನಡೀರಿ ಒಳಗ್ ನಡೀರಿ" ಅಂತ ತಳ್ಳಿದ ಮೇಲೆ ಬಾಗಿಲು ಹಾಕ್ತಾರಲ್ಲ, ಹಾಗೆ. ಆದ್ರೆ ಟೈಮಿಂಗ್ ಮುಖ್ಯ. ಅಲೆ ಬೇಗ ಬಂದ್ರೂ ಪ್ರಯೋಜನ ಇಲ್ಲ, ತಡವಾದ್ರೂ ಇಲ್ಲ. ಆ ಟೈಮಿಂಗನ್ನ ನಿರ್ಧಾರ ಮಾಡೋದು ಪೈಪಿನ ಉದ್ದ.

3,200 ಕೊಟ್ಟು ತಂದ ನನ್ನ ಚೇಂಬರ್ ನೋಡೋಕೆ ಸೂಪರ್. ಹೊಟ್ಟೆ, ಬಾಲ, ವೆಲ್ಡಿಂಗ್ ಗೆರೆ, ಎಲ್ಲ ರೇಸ್ ಗಾಡಿ ಥರ. ಹಾಕಿದ ಮೇಲೆ ಕೆಳಗಿನ ಆರ್‌ಪಿಎಂನಲ್ಲಿ ಗಾಡಿ ಸತ್ತೇಹೋಯ್ತು. ಮೇಲೆ ಹೋದ್ರೆ ಎಳೆಯುತ್ತೆ ಅಂದುಕೊಂಡೆ, ಅಲ್ಲೂ ಇಲ್ಲ. ಶಬ್ದ ಮಾತ್ರ ಇಡೀ ಬಾಯ್ಸ್ ಹಾಸ್ಟೆಲ್ ಎದ್ದು ಕೂರೋ ಹಾಗೆ. (ಸೈಲೆನ್ಸರ್ ಬದಲಾಯಿಸೋದು ಕಾನೂನಿಗೂ ವಿರುದ್ಧ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಗೇಟಲ್ಲಿ ಸೆಕ್ಯುರಿಟಿ ಅಂಕಲ್ ಸೆಕ್ಷನ್ ನಂಬರ್ ಹೇಳಲಿಲ್ಲ, ಬೇರೆ ಪದಗಳಲ್ಲಿ ಅದನ್ನೇ ಹೇಳಿದ್ರು.)

ಗೋರ್ಡನ್ ಜೆನ್ನಿಂಗ್ಸ್ ಅನ್ನೋರು 1973ರಲ್ಲಿ ಟೂ ಸ್ಟ್ರೋಕ್ ಟ್ಯೂನಿಂಗ್ ಬಗ್ಗೆ ಒಂದು ಪುಸ್ತಕ ಬರೆದಿದ್ದಾರೆ. ಅದರಲ್ಲಿ ಒಂದು ಸರಳ ಲೆಕ್ಕ ಇದೆ. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 518 ಮೀಟರ್ ಅಂತ ಇಟ್ಟುಕೊಂಡು, ಎಕ್ಸಾಸ್ಟ್ ಪೋರ್ಟ್ ಎಷ್ಟು ಡಿಗ್ರಿ ತೆರೆದಿರುತ್ತೋ ಅಷ್ಟು ಹೊತ್ತಲ್ಲಿ ಅಲೆ ಹೋಗಿ ಬರಬೇಕು. ಕ್ರ್ಯಾಂಕಿಗೆ ಡಿಗ್ರಿ ಚಕ್ರ ಪ್ರಿಂಟ್ ತೆಗೆದು ಅಂಟಿಸಿ ನೋಡಿದ್ರೆ ನನ್ನ ಬ್ಲಾಕ್ 176 ಡಿಗ್ರಿ. ನನಗೆ 8,500 ಆರ್‌ಪಿಎಂನಲ್ಲಿ ಪವರ್ ಬೇಕು ಅಂದ್ರೆ ಪಿಸ್ಟನ್ ಮುಖದಿಂದ ಹಿಂದಿನ ಕೋನ್ ಮಧ್ಯದವರೆಗೆ ಹೆಚ್ಚುಕಮ್ಮಿ 894 ಎಂಎಂ ಬರಬೇಕು. ಟೇಲರ್ ಟೇಪ್ ಹಿಡಿದು ಪೈಪಿನ ಬೆನ್ನ ಮೇಲೆ ಅಳೆದೆ: 760. ಲೆಕ್ಕ ತಿರುಗಿಸಿದ್ರೆ 10,000 ಆರ್‌ಪಿಎಂ. ನನ್ನ ಇಂಜಿನ್ ಅಲ್ಲಿಗೆ ಹೋಗೋದೇ ಇಲ್ಲ. ಬಹುಶಃ ಆ ಪೈಪ್ ಮಾಡಿದವರು ಯಾವ ಲೆಕ್ಕವನ್ನೂ ಮಾಡಿಲ್ಲ, ಯಾವುದೋ ಪೈಪ್ ನೋಡಿ ಅದರ ಫೋಟೋ ಥರ ಇನ್ನೊಂದು ಮಾಡಿದ್ದಾರೆ. ನಾನು 3,200 ಕೊಟ್ಟು ಒಂದು ಆಕಾರ ಕೊಂಡುಕೊಂಡಿದ್ದೆ.

ಅಷ್ಟೊತ್ತಿಗೆ ಎಂಟು ಸಾವಿರ ಮುಗಿದಿತ್ತು. ಜೆಟ್‌ಗಳು, ಇನ್ನೊಂದು ಗ್ಯಾಸ್ಕೆಟ್ ಸೆಟ್ ಬಾಕಿ. ಅಮ್ಮನಿಗೆ ಫೋನ್ ಮಾಡಿ "ವರ್ಕ್‌ಶಾಪ್ ಕಿಟ್, ಮೂರು ಸಾವಿರ" ಅಂದೆ. ಅಮ್ಮ ಏನೂ ಕೇಳದೆ ಹತ್ತು ನಿಮಿಷದಲ್ಲಿ ಕಳಿಸಿದ್ರು. ಕೇಳಿದ್ದಿದ್ರೆ ಚೆನ್ನಾಗಿತ್ತು. ಅಮ್ಮ ಈ ಮ್ಯಾಗಜೀನ್ ಓದಲ್ಲ ಅಂದುಕೊಂಡಿದೀನಿ, ಆದ್ರೆ ಓದಿದ್ರೂ ಪರವಾಗಿಲ್ಲ ಅಂತಲೇ ಬರೀತಿದೀನಿ.

ಕಾರ್ಬುರೇಟರಲ್ಲಿ ಮುಕ್ಕಾಲು ಥ್ರಾಟಲ್ ದಾಟಿದ ಮೇಲೆ ಎಷ್ಟು ಪೆಟ್ರೋಲ್ ಹೋಗಬೇಕು ಅಂತ ಹೇಳೋದು ಮೇನ್ ಜೆಟ್. ಹಿತ್ತಾಳೆಯ ಸಣ್ಣ ಸ್ಕ್ರೂ, ಮಧ್ಯ ಒಂದು ತೂತು, ಮೇಲೆ ನಂಬರ್. ನಂಬರ್ ಜಾಸ್ತಿ ಆದ್ರೆ ಪೆಟ್ರೋಲ್ ಜಾಸ್ತಿ. ಒಂದಕ್ಕೆ 60 ರೂಪಾಯಿ. 110ರಲ್ಲಿ ಶುರು ಮಾಡಿ, ಸೇಫ್ ಇರಲಿ ಅಂತ 120ಕ್ಕೆ ಬಂದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದ್ರೆ ತುದಿ ಬೆಳ್ಳಗಿತ್ತು. ನಾನು "ಎಷ್ಟು ಕ್ಲೀನಾಗಿ ಉರೀತಿದೆ" ಅಂತ ಖುಷಿಪಟ್ಟೆ. ಕಾಫಿ ಪುಡಿ ಬಣ್ಣ ಇದ್ರೆ ಸರಿ, ಬಿಳಿ ಅಂದ್ರೆ ಪೆಟ್ರೋಲ್ ಸಾಲದೆ ಇಂಜಿನ್ ಬೇಯ್ತಾ ಇದೆ ಅಂತ ಅರ್ಥ. ಇದು ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು. ನಾನು ಯಾರನ್ನೂ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಆರೂವರೆ, ತುಮಕೂರು ರಸ್ತೆಯ ಸರ್ವಿಸ್ ರೋಡ್ ಖಾಲಿ ಇತ್ತು. ಚೇಂಬರ್ ತೆಗೆದು ಹಳೇ ಸೈಲೆನ್ಸರ್ ಹಾಕಿದ್ದೆ. ಮೂರನೇ ಗೇರ್, ಫುಲ್ ಥ್ರಾಟಲ್, ಗಾಡಿ ನಿಜವಾಗಲೂ ಎಳೀತು. ಆ ಹತ್ತು ಸೆಕೆಂಡ್ ಸುಳ್ಳು ಹೇಳಲ್ಲ, ಜೀವನದಲ್ಲಿ ಅಂಥ ಖುಷಿ ಕಡಿಮೆ. ನಾಲ್ಕನೇ ಗೇರಿಗೆ ಹಾಕಿದೆ. ಶಬ್ದ ಸ್ವಲ್ಪ ತೆಳ್ಳಗಾಯ್ತು, ಯಾರೋ ಗಂಟಲು ಹಿಡಿದ ಹಾಗೆ. ಅಷ್ಟರಲ್ಲಿ ಹಿಂದಿನ ಚಕ್ರ ಲಾಕ್.

ಹಳೇ ಟೂ ಸ್ಟ್ರೋಕ್ ಓಡಿಸೋರು ಯಾವಾಗಲೂ ಎರಡು ಬೆರಳು ಕ್ಲಚ್ ಮೇಲೆ ಇಟ್ಟಿರ್ತಾರೆ. ಮಾವನೂ ಇಡ್ತಾರೆ, ನಾನು ಅದನ್ನ ಸ್ಟೈಲ್ ಅಂದುಕೊಂಡಿದ್ದೆ. ನನ್ನ ಬೆರಳು ಕ್ಲಚ್ ಹುಡುಕಿಕೊಂಡು ಹೋಗೋಷ್ಟರಲ್ಲಿ ಗಾಡಿ ಅಡ್ಡ ತಿರುಗಿ ಹದಿನೈದಡಿ ಜಾರಿತ್ತು. ಬೀಳಲಿಲ್ಲ. ಯಾಕೆ ಬೀಳಲಿಲ್ಲ ಗೊತ್ತಿಲ್ಲ. ಹಿಂದೆ ಲಾರಿ ಇರಲಿಲ್ಲ, ಅದೂ ನನ್ನ ಬುದ್ಧಿವಂತಿಕೆ ಅಲ್ಲ. ರಸ್ತೆ ಪಕ್ಕ ಕೂತು ಕೈ ನಡುಗೋದು ನಿಲ್ಲೋವರೆಗೂ ಇಂಜಿನ್ ಟಿಕ್ ಟಿಕ್ ಅಂತ ತಣ್ಣಗಾಗೋದನ್ನ ಕೇಳ್ತಾ ಇದ್ದೆ. ಆಮೇಲೆ ನಾಲ್ಕು ಕಿಲೋಮೀಟರ್ ತಳ್ಳಿದೆ.

ಬಿಚ್ಚಿದಾಗ ಎಲ್ಲ ಅರ್ಥ ಆಯ್ತು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತೆ. ಬಿಸಿ ಅತಿಯಾದ್ರೆ 0.04 ಎಂಎಂ ಗ್ಯಾಪ್ ತುಂಬಿಹೋಗುತ್ತೆ, ಪಿಸ್ಟನ್ ಗೋಡೆಗೆ ಕಚ್ಚಿಕೊಳ್ಳುತ್ತೆ. ಎಕ್ಸಾಸ್ಟ್ ಪೋರ್ಟ್ ಕಡೆ ಪಿಸ್ಟನ್ ಮೈಯೆಲ್ಲ ಗೀಚಿತ್ತು, ಸಿಲಿಂಡರ್ ಗೋಡೆಗೆ ಅಲ್ಯೂಮಿನಿಯಂ ಬಳಿದುಕೊಂಡಿತ್ತು. ಆದ್ರೆ 120 ಜೆಟ್ ಹಾಕಿದ್ನಲ್ಲ, ಪೆಟ್ರೋಲ್ ಯಾಕೆ ಕಮ್ಮಿ ಆಯ್ತು?

ಸೋಮವಾರ ಲ್ಯಾಬ್ ಮುಗಿದ ಮೇಲೆ ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿಕೊಂಡು ಟೂಲ್‌ಮೇಕರ್ಸ್ ಮೈಕ್ರೋಸ್ಕೋಪ್ ಕೆಳಗೆ ಜೆಟ್‌ಗಳನ್ನ ಒಂದೊಂದಾಗಿ ಇಟ್ಟೆ. 120 ಅಂತ ಒತ್ತಿರೋ ಮೂರು ಜೆಟ್ ಇದ್ವು. ಒಂದರ ತೂತು 1.17 ಎಂಎಂ, ಇನ್ನೊಂದು 1.08, ಇಂಜಿನಲ್ಲಿ ಇದ್ದದ್ದು 1.02. 110 ಅಂತ ಬರೆದಿದ್ದದ್ದು 1.12! ಅಂದ್ರೆ ನಾನು 110ರಿಂದ 120ಕ್ಕೆ 'ಸೇಫ್' ಆಗಿ ಹೋದಾಗ ನಿಜವಾಗಿ ಪೆಟ್ರೋಲ್ ಕಮ್ಮಿ ಮಾಡಿದ್ದೆ. ನಂಬರ್ ಯಾವ ಲೆಕ್ಕದಲ್ಲಿ ಇರಲಿ, ಒಂದೇ ನಂಬರಿನ ಜೆಟ್‌ಗೆ ಒಂದೇ ತೂತು ಇರಬೇಕಲ್ವಾ? 1.02ಕ್ಕೂ 1.17ಕ್ಕೂ ತೂತಿನ ವಿಸ್ತೀರ್ಣದಲ್ಲಿ ಕಾಲು ಭಾಗ ವ್ಯತ್ಯಾಸ ಬರುತ್ತೆ. ಜೊತೆಗೆ ಲೂಸ್ ಮ್ಯಾನಿಫೋಲ್ಡಲ್ಲಿ ಕಳ್ಳ ಗಾಳಿ ಬೇರೆ ಒಳಗೆ ಹೋಗ್ತಿತ್ತು.

ನನಗೆ ಕೋಪ ಬಂದಿದ್ದು ಬೆಲೆಗಲ್ಲ. ಪಾರ್ಟ್ ಕಳಪೆ ಇರಲಿ, ಬಜೆಟ್ ಬಿಲ್ಡ್ ಅಂದ ಮೇಲೆ ಅದಕ್ಕೆ ರೆಡಿ ಇದ್ದೆ. 'ಲೋಕಲ್' ಅಂತ ಹೇಳಿ ಕೊಟ್ಟಿದ್ರೆ ಅಳೆದು ಹಾಕ್ತಿದ್ದೆ. ಆದ್ರೆ ನಂಬರ್ ಒತ್ತಿ ಕೊಡೋದು ಬೇರೆ ಥರದ ಸುಳ್ಳು. ನಂಬರ್ ಇದ್ರೆ ನಾವು ಅಳೆಯಲ್ಲ, ನಂಬ್ತೀವಿ. ಯಾವುದೋ ಶೆಡ್‌ನಲ್ಲಿ ಯಾರೋ ಕೈಗೆ ಸಿಕ್ಕ ಡ್ರಿಲ್ಲಲ್ಲಿ ತೂತು ಮಾಡಿ, ಇನ್ಯಾರೋ 120 ಅಂತ ಪಂಚ್ ಹೊಡೆದಿರ್ತಾರೆ. ಅಂಗಡಿಯವರಿಗೂ ಬಹುಶಃ ಗೊತ್ತಿರಲ್ಲ. ಯಾರ ಹತ್ತಿರ ಹೋಗಿ ಜಗಳ ಆಡೋದು? ಹನ್ನೊಂದು ಜೆಟ್ ಹಿಡ್ಕೊಂಡು ಹೋಗಿ, ಮೈಕ್ರೋಸ್ಕೋಪ್ ರೀಡಿಂಗ್ ಪಟ್ಟಿ ತೋರಿಸಿದೆ. ಕೌಂಟರಲ್ಲಿದ್ದವರು ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು, ಅದು ನನಗೆ ಆಶ್ಚರ್ಯ. ಓದಿ, "ಇಷ್ಟೆಲ್ಲ ಯಾರು ನೋಡ್ತಾರೆ ತಮ್ಮಾ" ಅಂದ್ರು. ದುಡ್ಡು ವಾಪಸ್ ಕೊಡಲಿಲ್ಲ. ಟೀ ಕೊಡಿಸಿದ್ರು.

ಬೋರಿಂಗ್ ಅಂಗಡಿಯ ಹಿರಿಯರು ಬ್ಲಾಕ್ ನೋಡಿ ಏನೂ ಬೈಯಲಿಲ್ಲ. ಅಂಟಿದ ಅಲ್ಯೂಮಿನಿಯಂ ತೆಗೆದು, ಬೆರಳ ಉಗುರು ಆಡಿಸಿ, "ಗೀರು ಆಳ ಇದೆ. 0.75 ಸಾಕಾಗುತ್ತೆ" ಅಂದ್ರು. 0.75 ಪಿಸ್ಟನ್ ಹುಡುಕಿಕೊಂಡು ಇಡೀ ರಸ್ತೆ ಎರಡು ದಿನ ಸುತ್ತಿದೆ. ಎಲ್ಲೂ ಇಲ್ಲ. "ನಾಳೆ ಬರುತ್ತೆ", "ಮುಂದಿನ ವಾರ", "ಡೆಲ್ಲಿಯಿಂದ ಬರಬೇಕು". ಇದ್ದದ್ದು 1.00 ಮಾತ್ರ. ಅದು ಕೊನೆಯ ಓವರ್‌ಸೈಜ್. ಅದಾದ ಮೇಲೆ ಹೊಸ ಸ್ಲೀವ್ ಹಾಕಿಸಬೇಕು, ಇಲ್ಲ ಬ್ಲಾಕ್ ಬಿಸಾಕಬೇಕು. ಕಾಯೋಣ ಅಂತಿದ್ದೆ, ಆದ್ರೆ ದೀಪಾವಳಿಗೆ ಗಾಡಿ ತಗೊಂಡು ಬಾ ಅಂತ ಮಾವ ಫೋನ್ ಮಾಡಿದ್ರು. 1.00 ಹಾಕಿಸಿದೆ. ರೂಮ್‌ಮೇಟ್ ಹತ್ತಿರ 570 ರೂಪಾಯಿ ಸಾಲ. ಮೂವತ್ತು ವರ್ಷ ಸ್ಟ್ಯಾಂಡರ್ಡ್ ಇದ್ದ ಬ್ಲಾಕನ್ನ ನಾನು ಒಂದೇ ಸೆಮಿಸ್ಟರಲ್ಲಿ ಕೊನೆಯ ಸೈಜಿಗೆ ತಂದು ನಿಲ್ಲಿಸಿದೆ.

ಹಳೇ 20 ಎಂಎಂ ಕಾರ್ಬ್, ಹಳೇ ಸೈಲೆನ್ಸರ್, ಹಳೇ ರಬ್ಬರ್ ವಾಪಸ್ ಹಾಕಿ ನಿಧಾನವಾಗಿ ತಿಪಟೂರಿಗೆ ಓಡಿಸಿಕೊಂಡು ಹೋದೆ. ಎರಡು ಬೆರಳು ದಾರಿಯುದ್ದಕ್ಕೂ ಕ್ಲಚ್ ಮೇಲೆ. ಅಂಗಳದಲ್ಲಿ ನಿಲ್ಲಿಸೋಕೆ ಮುಂಚೆಯೇ ಮಾವ ಬಾಗಿಲಿಗೆ ಬಂದಿದ್ರು. ಆಫ್ ಮಾಡಬೇಡ ಅಂತ ಕೈ ಸನ್ನೆ ಮಾಡಿ ಒಂದು ನಿಮಿಷ ಐಡ್ಲಿಂಗ್ ಕೇಳಿದ್ರು.

"ಯಾವ ಸೈಜು?"

"ಒಂದು" ಅಂದೆ.

"ಒಂದಾ?" ಅಂದ್ರು. ಮತ್ತೇನೂ ಕೇಳಲಿಲ್ಲ, "ಕೈಕಾಲು ತೊಳ್ಕೊ, ಊಟಕ್ಕೆ ಬಾ" ಅಂದು ಒಳಗೆ ಹೋದ್ರು. ಊಟದಲ್ಲೂ ಆ ಮಾತು ಬರಲಿಲ್ಲ. ಬೈದಿದ್ರೆ ಊಟ ಇಳೀತಿತ್ತು.

ಮಾರನೇ ಬೆಳಿಗ್ಗೆ ಎದ್ದಾಗ ಗಾಡಿ ಇರಲಿಲ್ಲ. ಎಂಟು ಗಂಟೆಗೆ ದೂರದಿಂದ ಶಬ್ದ ಬಂತು, ಸಣ್ಣ ಥ್ರಾಟಲಲ್ಲಿ ಒಂದೇ ಸಮನೆ. ಮಾವ ಇಳಿದು ಕೀ ನನ್ನ ಕೈಗೆ ಕೊಟ್ಟರು.

"ಟ್ಯಾಂಕ್ ಫುಲ್ ಮಾಡ್ಸಿದೀನಿ. ಆಯಿಲ್ ಪಂಪು ಸ್ವಲ್ಪ ಜಾಸ್ತಿ ಇಟ್ಟಿದೀನಿ, ಹೊಗೆ ಬಂದ್ರೆ ಹೆದರ್ಬೇಡ. ಸಾವಿರ ಕಿಲೋಮೀಟರ್ ಆಗೋ ತನಕ ಐವತ್ತರ ಮೇಲೆ ಹೋಗ್ಬೇಡ."

ಈಗ 640 ಆಗಿದೆ. ನಲವತ್ತೆಂಟರಲ್ಲಿ ಹೋಗ್ತಿದ್ರೆ ಸ್ಕೂಟಿಗಳೆಲ್ಲ ಹಾರ್ನ್ ಹೊಡೆದು ದಾಟಿಕೊಂಡು ಹೋಗ್ತವೆ.